ಮುರಿದ ರೆಕ್ಕೆಗೆ ಹಗುರ ತೇಪೆ

ರೇಡಿಯೊ ಹಿಡಿತದಲ್ಲಿ ಹಾರಿಸುವ ಪುಟ್ಟ ಮಾದರಿ ವಿಮಾನ ನೆಲಕ್ಕೆ ಅಪ್ಪಳಿಸಿದಾಗ ದೊಡ್ಡ ಸದ್ದೇನೂ ಬರುವುದಿಲ್ಲ. ಒಣ ತೊಗರಿ ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ಮುರಿದ ಹಾಗೆ ‘ಚಟ್’ ಎನ್ನುತ್ತದೆ, ಅಷ್ಟೆ. ಆಮೇಲೆ ಮೈದಾನದಲ್ಲಿ ಯಾರೂ ಮಾತಾಡುವುದಿಲ್ಲ. ಹಾರಿಸುತ್ತಿದ್ದವನು ಟ್ರಾನ್ಸ್‌ಮಿಟರನ್ನು ಕೊರಳಿಗೆ ತೂಗುಹಾಕಿಕೊಂಡು ನಡೆಯತೊಡಗುತ್ತಾನೆ. ಉಳಿದವರು ಒಂದಿಷ್ಟು ಹೊತ್ತು ಬಿಟ್ಟು ಹಿಂದೆ ಹೊರಡುತ್ತಾರೆ. ಬಿದ್ದವನ ನೋವು ಅಲ್ಲಿ ನಿಂತ ಎಲ್ಲರಿಗೂ ಗೊತ್ತು.

ಶಿವರಾತ್ರಿ ಕಳೆದ ಮೊದಲ ಭಾನುವಾರ, ಬತ್ತಿದ ಕೆರೆಯಂಗಳವೊಂದರಲ್ಲಿ ನನ್ನ ಕೆಂಪು ವಿಮಾನ ಬಿತ್ತು. ಬೆಂಗಳೂರಿನ ಸುತ್ತಮುತ್ತ ವಿಮಾನ ನಿಲ್ದಾಣ, ವಾಯುನೆಲೆಗಳು ಒಂದೆರಡಲ್ಲ. ಹಾಗಾಗಿ, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣ ಕಾಣುವ ಜಾಗ ಹುಡುಕಿಕೊಂಡು ನಾವು ಬೆಳಗಿನ ಜಾವವೇ ಊರು ದಾಟಿ ಹೋಗುತ್ತೇವೆ. ಏಳು ಗಂಟೆಗೆ ಗಾಳಿ ಇರಲಿಲ್ಲ, ಆಕಾಶ ತಿಳಿಯಾಗಿತ್ತು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನಾಲ್ಕೂವರೆ ಅಡಿ, ತೂಕ ಒಂದೂಕಾಲು ಕಿಲೊ, ಒಳಗೆಲ್ಲ ಬಾಲ್ಸಾ ಮರ. ನಾಲ್ಕು ತಿಂಗಳು ರಾತ್ರಿ ಕೂತು ಕಟ್ಟಿದ್ದ ವಿಮಾನ ಅದು.

ತಪ್ಪು ನನ್ನದೇ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ತಿರುಗಿ ನಮ್ಮ ಕಡೆ ಬರತೊಡಗಿದರೆ, ಎದುರು ನಿಂತವರ ಬಲಗೈ ನಮ್ಮ ಎಡಕ್ಕೆ ಬರುವಂತೆ, ಎಲ್ಲವೂ ಅದಲುಬದಲು. ಅಂದು ಹಾಗೆ ಬರುತ್ತಿದ್ದಾಗ ನನ್ನ ಎಡಕ್ಕೆ ಕಾಣುತ್ತಿದ್ದ ರೆಕ್ಕೆ ಕೊಂಚ ತಗ್ಗಿತು. ಎತ್ತೋಣವೆಂದು ಟ್ರಾನ್ಸ್‌ಮಿಟರಿನ ಸ್ಟಿಕ್ಕನ್ನು ಬಲಕ್ಕೆ ತಳ್ಳಿದೆ. ರೆಕ್ಕೆ ಇನ್ನಷ್ಟು ತಗ್ಗಿತು. ಗಾಬರಿಯಲ್ಲಿ ಇನ್ನೂ ಬಲಕ್ಕೆ ತಳ್ಳಿದೆ. ಹೊಸಬರಿಗೆ ಮೊದಲ ವಾರವೇ ಹೇಳಿಕೊಡುವ ಉಪಾಯವೊಂದಿದೆ: ಎದುರಿಗೆ ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳು, ವಾಲಿದ ಗೋಡೆಗೆ ಊರೆಗೋಲು ಕೊಟ್ಟ ಹಾಗೆ. ನಾನೇ ಎಷ್ಟೋ ಹುಡುಗರಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ಬೇಕಾದ ಆ ಗಳಿಗೆಯಲ್ಲಿ ನನಗೇ ನೆನಪಾಗಲಿಲ್ಲ.

ಓಡಿಹೋಗಿ ಚೂರುಗಳನ್ನು ಬಾಚಿಕೊಳ್ಳಲು ಬಗ್ಗಿದೆ. ಹಿಂದಿನಿಂದ ದನಿ ಬಂತು: “ಬ್ಯಾಟರಿ ಕಳಚಪ್ಪ. ಬೇರೆ ಏನೂ ಮುಟ್ಟಬೇಡ. ಮೊದಲು ನೋಡು.”

ನಮ್ಮ ಗುಂಪಿನ ಹಿರಿಯರು ಅವರು. ವಿಮಾನ ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಈಗ ಸ್ವತಃ ಹಾರಿಸುವುದು ಕಡಿಮೆ, ಕಣ್ಣು ಮಂಜಾಗಿದೆ. ಯಾರದಾದರೂ ಬಿದ್ದರೆ ಮಾತ್ರ ಮಡಚುವ ಕುರ್ಚಿ ಬಿಟ್ಟು ಏಳುತ್ತಾರೆ.

“ಏನು ನೋಡಲಿ ಸರ್, ಎಲ್ಲ ಹೋಯ್ತಲ್ಲ.”

“ಎಲ್ಲ ಎಲ್ಲಿ ಹೋಯ್ತು? ಯಾವುದು ಮೊದಲು ಮುರೀತು, ಯಾವುದು ಆಮೇಲೆ ಮುರೀತು ನೋಡು.”

ಬಲ ರೆಕ್ಕೆಯ ತುದಿ ಜಜ್ಜಿಹೋಗಿ ಅದರ ತುಂಬ ಕೆರೆಯ ಕಪ್ಪು ಮಣ್ಣು. ಅಂದರೆ ನೆಲಕ್ಕೆ ಮೊದಲು ತಾಗಿದ್ದು ಅದು. ಅಲ್ಲಿಂದ ಎರಡು ಮಾರು ಮುಂದೆ ಮೂಗು ಊರಿದ ಗುಳಿ. ಮೋಟರ್ ಕೂರಿಸಿದ್ದ ಪ್ಲೈವುಡ್ ಹಲಗೆ ಅಂಟು ಬಿಟ್ಟು ಒಳಕ್ಕೆ ಸರಿದಿತ್ತು. ಬಾಲದಲ್ಲಿ ಒಂದು ಗೀರೂ ಇಲ್ಲ. ರೆಕ್ಕೆಯ ಉದ್ದಕ್ಕೂ ಬೆನ್ನೆಲುಬಿನಂತೆ ಮೇಲೊಂದು ಕೆಳಗೊಂದು ಓಡುವ ಸ್ಪಾರುಗಳು, ಅಡ್ಡಕ್ಕೆ ಪಕ್ಕೆಲುಬಿನಂತಿರುವ ರಿಬ್ಬುಗಳಲ್ಲಿ ಮೂರನೆಯದರ ಹತ್ತಿರ ತುಂಡಾಗಿದ್ದವು. ಕೆಳಗಿನ ಸ್ಪಾರಿನ ತುದಿಯಲ್ಲಿ ಉದ್ದುದ್ದ ಚೂಪು ಎಳೆಗಳು, ಮೇಲಿನದರಲ್ಲಿ ಮಡಿಕೆ ಬಿದ್ದು ನುಗ್ಗಾದ ಮೋಟು ಅಂಚು. ಮರವನ್ನು ಹಿಡಿದೆಳೆದರೆ ಎಳೆ ಎಳೆಯಾಗಿ ಹರಿಯುತ್ತದೆ, ಒತ್ತಿದರೆ ಹೀಗೆ ಮಡಿಕೆ ಬೀಳುತ್ತದೆ. ನೆಲ ಆ ರೆಕ್ಕೆಯನ್ನು ಕೆಳಗಿನಿಂದ ಮೇಲಕ್ಕೆ ಬಗ್ಗಿಸಿತ್ತು. “ತುದೀಲಿ ಮಣ್ಣಿಲ್ಲದೆ ಸ್ಪಾರ್ ಹೀಗೆ ಮುರಿದಿದ್ರೆ ಗಾಳಿಯಲ್ಲೇ ಮುರೀತು ಅಂತ ಅನುಮಾನ ಪಡಬೇಕಿತ್ತು. ಆಗ ತಪ್ಪು ಕಟ್ಟಿದವನದು. ಇದು ಕಟ್ಟಿದವನ ತಪ್ಪಲ್ಲ,” ಎಂದರು. ಕಟ್ಟಿದವನೂ ನಾನೇ, ಹಾರಿಸಿದವನೂ ನಾನೇ. ಆದರೂ ಆ ಮಾತಿನಿಂದ ನನಗೆ ಸಮಾಧಾನವಾಯಿತು.

ದೊಡ್ಡ ವಿಮಾನಗಳ ಅಪಘಾತದ ತನಿಖೆಯೂ ಹೀಗೆ ಚೂರುಗಳ ಮುಂದೆ ಕೂತು ನೋಡುವುದರಿಂದಲೇ ಶುರುವಾಗುತ್ತದೆ. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ‘ಕಾಮೆಟ್’ ಜೆಟ್ ವಿಮಾನ ಆಕಾಶದಲ್ಲೇ ಒಡೆದು ಕಡಲಿಗೆ ಬಿತ್ತು. ಬ್ರಿಟಿಷ್ ನೌಕಾಪಡೆ ತಳದಿಂದ ಮೇಲೆತ್ತಿದ ಚೂರುಗಳನ್ನು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಮರದ ಚೌಕಟ್ಟಿನ ಮೇಲೆ ಅವವುಗಳ ಜಾಗದಲ್ಲೇ ಜೋಡಿಸಿದರು. ಇನ್ನೊಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಕಿಂಡಿಯ ಮೂಲೆಯಲ್ಲಿ ದಣಿದ ಲೋಹ ಸೀಳುಬಿಟ್ಟಿದ್ದು ಹಾಗೆ ಗೊತ್ತಾಯಿತು. ಚೂರುಗಳನ್ನು ಮೂಟೆಕಟ್ಟಿ ಎಸೆದಿದ್ದರೆ ಗೊತ್ತಾಗುತ್ತಿರಲಿಲ್ಲ.

ನಾವೂ ಮೂಟೆ ಕಟ್ಟಲಿಲ್ಲ. ಹಳೇ ಪಂಚೆ ಹಾಸಿ ಉಗುರಿನಷ್ಟು ದೊಡ್ಡ ಚೂರುಗಳನ್ನೂ ಆಯ್ದೆವು. ದುರಸ್ತಿ ಮುಗಿಯುವ ತನಕ ಯಾವ ಚೂರನ್ನೂ ಎಸೆಯಬಾರದು. ಇದು ನಮ್ಮಲ್ಲಿ ಬಹುಮಟ್ಟಿಗೆ ಮಡಿಯಿದ್ದ ಹಾಗೆ. ಹರಿದ ಎರಡು ತುದಿಗಳ ಎಳೆಗಳು ಒಂದಕ್ಕೊಂದು ಸೇರಿದರೆ ಅಳತೆಪಟ್ಟಿ ಬೇಡ, ರೆಕ್ಕೆ ಮೊದಲು ಎಷ್ಟು ಉದ್ದವಿತ್ತು, ಎಷ್ಟು ಬಾಗಿತ್ತು ಎಂಬುದನ್ನು ಮರವೇ ಹೇಳುತ್ತದೆ. ಕಬ್ಬಿನ ಗದ್ದೆಯಲ್ಲಿ ಬಿದ್ದರೆ ಹುಡುಕುವುದೇ ಅರ್ಧ ದಿನದ ಕೆಲಸ. ಅದಕ್ಕೂ ಉಪಾಯವುಂಟು. ಬಿದ್ದ ಕೂಡಲೇ ಓಡಬಾರದು. ನಿಂತಲ್ಲೇ ನಿಂತು, ಬಿದ್ದ ಜಾಗದ ನೇರಕ್ಕೆ ದೂರದಲ್ಲಿ ಕಾಣುವ ತೆಂಗನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಬೇಕು. ಬೇರೆ ಕಡೆ ನಿಂತ ಇನ್ನೊಬ್ಬರೂ ಹಾಗೇ ಮಾಡಬೇಕು. ಎರಡು ಗೆರೆ ಕೂಡುವಲ್ಲಿ ವಿಮಾನ ಇರುತ್ತದೆ.

ಬಾಲ್ಸಾ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಮರ. ಜಗತ್ತಿಗೆ ಬೇಕಾದ ಬಾಲ್ಸಾದ ಬಹುಪಾಲು ಈಕ್ವೆಡಾರ್ ದೇಶದಿಂದ ಬರುತ್ತದೆ. ನಮ್ಮ ಬೂರುಗ ಅದರ ಹತ್ತಿರದ ನೆಂಟ, ದಾಸವಾಳ ದೂರದ ನೆಂಟ. ಮೂರೂ ಒಂದೇ ಕುಟುಂಬ. ಬೂರುಗದಂತೆ ಅದರ ಕಾಯಿಯೂ ಒಡೆದು ಅರಳೆ ಉದುರಿಸುತ್ತದೆ. ಆರೆಂಟು ವರ್ಷಕ್ಕೇ ಕಡಿಯುವಷ್ಟು ಬೆಳೆದುಬಿಡುತ್ತದೆ. ಒಂದು ಘನ ಮೀಟರ್ ತೇಗ 600 ಕಿಲೊ ಮೀರಿ ತೂಗಿದರೆ ಅಷ್ಟೇ ಬಾಲ್ಸಾ 150 ಕಿಲೊ ಆಸುಪಾಸು. ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗುವುದೂ ಉಂಟು. ಹಾಗಾಗಿ ಬಾಲ್ಸಾ ಕೊಳ್ಳುವಾಗ ಅಕ್ಕಸಾಲಿಗನ ಹಾಗೆ ಪುಟ್ಟ ತಕ್ಕಡಿ ಇಟ್ಟುಕೊಂಡು ಕೂರಬೇಕು. ಮುರಿದ ಜಾಗಕ್ಕೆ ಹಾಕುವ ಹೊಸ ಮರ ಪಕ್ಕದ ಹಳೆಯ ಮರದಷ್ಟೇ ತೂಗಬೇಕು, ಅದರಷ್ಟೇ ಬಳುಕಬೇಕು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ವರ್ಷಗಳೇ ಹಿಡಿದವು.

ಯಾಕೆಂದರೆ ಮುರಿದದ್ದನ್ನು ಕಂಡಾಗ ಯಾರಿಗೇ ಆದರೂ ಮೊದಲು ಅನಿಸುವುದು, ಇನ್ನೊಮ್ಮೆ ಮುರಿಯದ ಹಾಗೆ ಮಾಡಿಬಿಡೋಣ ಎಂದು. ಶುರುವಿನ ದಿನಗಳಲ್ಲಿ ನಾನೂ ಹಾಗೇ ಮಾಡಿದೆ. ಮುರಿದ ಸ್ಪಾರಿಗೆ ಎರಡೂ ಬದಿ ಪ್ಲೈವುಡ್ ಪಟ್ಟಿ ಹೊಡೆದು, ಸುತ್ತ ಎಪಾಕ್ಸಿ ಸುರಿದೆ. ಕಲ್ಲಿನಂತಾಯಿತು. ಮುಂದಿನ ಸಲ ಜೋರಾಗಿ ಇಳಿದಾಗ ಆ ಪಟ್ಟಿ ಎಲ್ಲಿ ಮುಗಿದಿತ್ತೋ ಸರಿಯಾಗಿ ಅಲ್ಲೇ ರೆಕ್ಕೆ ಮುರಿಯಿತು. ಅಜ್ಜಿ ಕೌದಿ ಹೊಲಿಯುವುದನ್ನು ನೋಡಿ ಬೆಳೆದವನಿಗೆ ಇದು ತಿಳಿದಿರಬೇಕಿತ್ತು. ಸವೆದ ಸೀರೆಗೆ ಹೊಸ ಖಾದಿಯ ತೇಪೆ ಹಾಕಿದರೆ ತೇಪೆ ಗಟ್ಟಿಯಾಗಿ ಉಳಿಯುತ್ತದೆ, ಅದರ ಅಂಚಿನಲ್ಲಿ ಸೀರೆ ಹರಿಯುತ್ತದೆ. ರೆಕ್ಕೆ ಹಾರುವಾಗ ಇಡಿಯಾಗಿ ಬಳುಕುತ್ತದೆ. ನಡುವೆ ಬಳುಕದ ಜಾಗ ಒಂದಿದ್ದರೆ ಬಳುಕಬೇಕಾದ್ದೆಲ್ಲ ಅದರ ಅಂಚಿಗೆ ಬಂದು ಬೀಳುತ್ತದೆ.

ಈ ಸಲ ಹಿರಿಯರು ಮನೆಗೇ ಬಂದರು. ಊಟದ ಮೇಜಿನ ಮೇಲೆ ವಿಮಾನದ ನಕ್ಷೆ ಹರಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಮುರಿದ ರೆಕ್ಕೆಯನ್ನು ಗುಂಡುಸೂಜಿಗಳಿಂದ ನಿಲ್ಲಿಸಿದೆವು. ಸ್ಪಾರ್ ಕತ್ತರಿಸಲು ನಾನು ಬ್ಲೇಡನ್ನು ನೇರ ಅಡ್ಡಕ್ಕೆ ಹಿಡಿದಿದ್ದೆ.

“ಹಾಗೆ ಕೂಡಿಸಿದ್ರೆ ತುದಿಗೆ ತುದಿ ಬರುತ್ತೆ. ತುದಿ ಅಂಟು ಕುಡಿಯುತ್ತೆ, ಹಿಡಿಯಲ್ಲ. ಓರೆ ಕೊಯ್ಯಿ.”

“ಎಷ್ಟು ಓರೆ ಸರ್?”

“ದಪ್ಪ ಎಷ್ಟಿದೆ?”

“ಆರು ಮಿಲಿಮೀಟರ್.”

“ಅರುವತ್ತು ಕೊಯ್ಯಿ.”

ಒಂದಕ್ಕೆ ಹತ್ತು. ಮನುಷ್ಯರು ಕೂರುವ ಮರದ ವಿಮಾನಗಳ ಸ್ಪಾರ್ ಕೂಡಿಸುವುದಕ್ಕೂ ದಪ್ಪದ ಹತ್ತರಿಂದ ಹನ್ನೆರಡು ಪಟ್ಟು ಉದ್ದದ ಓರೆ ಬೇಕೆಂಬುದು ಹಳೆಯ ನಿಯಮ. ಓರೆ ಉದ್ದವಾದಷ್ಟೂ ಅಂಟು ಹಿಡಿಯುವ ಮೈ ಹೆಚ್ಚುತ್ತದೆ. ಎಳೆಯ ಪಕ್ಕಕ್ಕೆ ಎಳೆ ಮಲಗುತ್ತದೆ, ಹಗ್ಗಕ್ಕೆ ಹಗ್ಗ ಹೊಸೆದು ಉದ್ದ ಮಾಡಿದಂತೆ. ಹೊರಗಿನಿಂದ ತೇಪೆ ಕಾಣುವುದಿಲ್ಲ, ಅರ್ಧ ಗ್ರಾಮಿಗಿಂತ ಹೆಚ್ಚು ತೂಕವೂ ಏರುವುದಿಲ್ಲ. ಮೇಲಿನ ಮತ್ತು ಕೆಳಗಿನ ಸ್ಪಾರುಗಳ ನಡುವೆ ನಿಲ್ಲಿಸುವ ತೆಳು ಹಲಗೆಯ ಎಳೆ ಮಾತ್ರ ಮೇಲೆ ಕೆಳಗೆ ಓಡಬೇಕು. ರೆಕ್ಕೆ ಬಾಗಿದಾಗ ಎರಡು ಸ್ಪಾರುಗಳೂ ಒಂದರ ಕಡೆಗೊಂದು ನುಗ್ಗದಂತೆ ಅದು ತಡೆಯುತ್ತದೆ. ಎಳೆ ಅಡ್ಡಕ್ಕಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಅವರ ಕೈ ನೋಡುತ್ತಾ ಕೂತಾಗ ನನಗೆ ಬೆಂಗಳೂರಿನ ಹಳೆಯ ಕಥೆಯೊಂದು ನೆನಪಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದದ್ದು ಹೊಸ ವಿಮಾನ ಕಟ್ಟುವುದಕ್ಕೆ. ಯುದ್ಧ ಅದನ್ನು ದುರಸ್ತಿಯ ಮನೆ ಮಾಡಿತು. 1943ರಿಂದ ಅಮೆರಿಕದ ಸೇನೆಯ ಉಸ್ತುವಾರಿಯಲ್ಲಿ ಮಿತ್ರಪಡೆಗಳ ವಿಮಾನಗಳೂ ಎಂಜಿನ್‌ಗಳೂ ಇಲ್ಲಿಗೆ ಬಂದು ರಿಪೇರಿಯಾಗಿ ಹೋದವು. ಯುದ್ಧ ಮುಗಿದು ಹೊರಡುವಾಗ ಮಿತ್ರಪಡೆಗಳವರು ಕಾನ್ಪುರದ ವಾಯುನೆಲೆಯಲ್ಲಿ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳನ್ನು, ಮತ್ತೆ ಯಾರೂ ಹಾರಿಸಬಾರದೆಂದು ಕೆಡಿಸಿ, ಗುಜರಿಯಾಗಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಿದ್ದವು. ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು ಅಲ್ಲಿಗೆ ಹೋಗಿ ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ತಲುಪುವ ಮಟ್ಟಿಗೆ ಅವನ್ನು ಸರಿಮಾಡಿದರು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಲಿಬರೇಟರುಗಳು 1948ರಲ್ಲಿ ವಾಯುಪಡೆ ಸೇರಿ, 1968ರವರೆಗೂ ಹಾರಿದವು. ಜಗತ್ತಿನ ಬೇರಾವ ವಾಯುಪಡೆಯಲ್ಲೂ ಅವು ಅಷ್ಟು ಕಾಲ ಹಾರಲಿಲ್ಲ. ಇಲ್ಲಿಂದ ಹೋದ ಒಂದು ಇಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಹಿರಿಯರು ಕಾರ್ಖಾನೆ ಸೇರಿದ್ದು ಆ ಕಾಲ ಮುಗಿದ ಮೇಲೆ. ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಆ ಕಾಲದವರು.

ಅಂಟಿನ ವಿಷಯ ಇನ್ನೂ ಹೇಳಿಲ್ಲ. ಮೈದಾನದಲ್ಲಿ ಎಲ್ಲರ ಕಿಸೆಯಲ್ಲೂ ಇರುವುದು ಫೆವಿಕ್ವಿಕ್ ಜಾತಿಯ ಅಂಟು, ಸಯನೋಅಕ್ರಿಲೇಟ್. 1942ರಲ್ಲಿ ಕೊಡ್ಯಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆಂದು ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿದ ವಸ್ತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಕೈಬಿಟ್ಟರು, 1958ರಲ್ಲಿ ಅದೇ ಗುಣಕ್ಕಾಗಿ ಮಾರುಕಟ್ಟೆಗೆ ಬಂತು. ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಲ್ಲು. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಲು ಹೋಗಬೇಡಿ, ಹತ್ತಿ ಬಿಸಿಯೇರಿ ಹೊಗೆಯಾಡುತ್ತದೆ, ಚರ್ಮ ಸುಡುತ್ತದೆ. ರಿಬ್ಬುಗಳಿಗೆ ನಾನು ಇದನ್ನೇ ಬಳಸುತ್ತೇನೆ. ಆದರೆ ಇದು ಗಾಜಿನ ಹಾಗೆ ಬಿರುಸು. ಬಳುಕುವ ಸ್ಪಾರಿಗೆ ಒಂದು ರಾತ್ರಿ ಒಣಗುವ ಬಿಳಿ ಫೆವಿಕಾಲ್ ಎಷ್ಟೋ ಮೇಲು. ಎಪಾಕ್ಸಿ ಮೋಟರ್ ಹಲಗೆಗೆ ಮಾತ್ರ, ಅದೂ ಹಲ್ಲುಕಡ್ಡಿಯಲ್ಲಿ ಸವರುವಷ್ಟು.

ಇಷ್ಟು ಜಿಪುಣತನ ಯಾಕೆ ಎಂದು ಕೇಳುವವರಿಗೆ ನಾನು ಬಾಲದ ಲೆಕ್ಕ ಹೇಳುತ್ತೇನೆ. ವಿಮಾನಕ್ಕೆ ತೂಕದ ಒಂದು ನಡುಬಿಂದು ಇದೆ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಕೆಳಗಿನಿಂದ ಎರಡು ಬೆರಳ ತುದಿಯಲ್ಲಿ ಎತ್ತಿದರೆ ಅದು ಮಟ್ಟಸ ನಿಲ್ಲಬೇಕು. ಆ ಬಿಂದುವಿನಿಂದ ಬಾಲ 60 ಸೆಂಟಿಮೀಟರ್ ಹಿಂದೆ, ಮೂಗು 20 ಸೆಂಟಿಮೀಟರ್ ಮುಂದೆ ಎಂದಿಟ್ಟುಕೊಳ್ಳಿ. ಬಾಲದ ದುರಸ್ತಿಯಲ್ಲಿ 10 ಗ್ರಾಂ ಅಂಟು ಹೆಚ್ಚಾದರೆ ಸರಿದೂಗಿಸಲು ಮೂಗಿಗೆ 30 ಗ್ರಾಂ ಸೀಸ ಕಟ್ಟಬೇಕು. ಹತ್ತು ಗ್ರಾಮಿನ ಅಜಾಗರೂಕತೆ ನಲವತ್ತಾಗುತ್ತದೆ. ಭಾರ ಹೆಚ್ಚಿದ ವಿಮಾನ ವೇಗವಾಗಿ ಹಾರದೆ ನಿಲ್ಲಲಾರದು, ವೇಗವಾಗಿ ಇಳಿಯುವುದು ಮತ್ತೆ ಮುರಿಯುತ್ತದೆ. ಅಮೆರಿಕದ ಮೇನಾರ್ಡ್ ಹಿಲ್ ಬಾಲ್ಸಾದಿಂದ ಕಟ್ಟಿದ, ಇಂಧನವೂ ಸೇರಿ ಐದು ಕಿಲೊ ಮೀರದ ಪುಟ್ಟ ವಿಮಾನವೊಂದು 2003ರ ಆಗಸ್ಟಿನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ದಾಟಿತು. ಸುಮಾರು 3,000 ಕಿ.ಮೀ., 38 ಗಂಟೆ 52 ನಿಮಿಷ. ಅದಕ್ಕೆ ಮುಂಚಿನ ಯತ್ನಗಳ ವಿಮಾನಗಳು ಗುರಿ ಮುಟ್ಟಿರಲಿಲ್ಲ. ಹಿಲ್ ಅವರಿಗೆ ಆಗ 77 ವರ್ಷ, ಕಣ್ಣು ಬಹುಪಾಲು ಹೋಗಿತ್ತು. ಬೆರಳ ತುದಿಯಿಂದಲೇ ಮರವನ್ನು ಅಳೆಯುತ್ತಿದ್ದ ಅವರನ್ನು ನೆನೆದಾಗಲೆಲ್ಲ ನಾನು ಅಂಟಿನ ಬಾಟಲಿಯ ಮುಚ್ಚಳ ಹಾಕುತ್ತೇನೆ.

ಈಗಿನ ಹುಡುಗರ ವಿಮಾನಗಳು ಹೆಚ್ಚಾಗಿ ಫೋಮ್. ಅವುಗಳ ದುರಸ್ತಿ ಸುಲಭ, ಅದಕ್ಕೇ ಕಲಿಯುವವರಿಗೆ ನಾನು ಅದನ್ನೇ ಕೊಳ್ಳಲು ಹೇಳುತ್ತೇನೆ. ಇಪಿಪಿ, ಇಪಿಒ ಫೋಮಿನ ಮೂಗು ನುಗ್ಗಾಗಿದ್ದರೆ ಕುದಿಯುವ ನೀರಿನಲ್ಲಿ ಅದ್ದಿ. ಗುಳ್ಳೆಗಳೊಳಗಿನ ಗಾಳಿ ಹಿಗ್ಗಿ, ಬಾಣಲೆಯ ಪೂರಿಯಂತೆ ಉಬ್ಬಿ ಹಳೆಯ ಆಕಾರಕ್ಕೆ ಬರುತ್ತದೆ. ಸೀಳಿದ್ದಕ್ಕೆ ಒಳಗೊಂದು ಬಿದಿರು ಕಡ್ಡಿ ತೂರಿಸಿ ಅಂಟಿಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ಆಕಾಶ. ಥರ್ಮೋಕೋಲಿಗೆ ಮಾತ್ರ ಸಾಮಾನ್ಯ ಫೆವಿಕ್ವಿಕ್ ತಾಗಿಸಬೇಡಿ, ಕರಗಿ ತೂತಾಗುತ್ತದೆ.

ಕಣ್ಣಿಗೆ ಕಾಣುವ ಮುರಿತ ಒಂದು ಬಗೆ, ಕಾಣದ್ದು ಇನ್ನೊಂದು. ನನ್ನ ಬ್ಯಾಟರಿಯ ಒಂದು ಮೂಲೆ ಕೊಂಚ ತಗ್ಗಿತ್ತು. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಪೆಟ್ಟು ಬಿದ್ದರೆ ಅದನ್ನು ನಂಬಬಾರದು. ಒಳಗಿನ ಪದರ ಹರಿದು ಎಷ್ಟೋ ಹೊತ್ತಿನ ನಂತರ ಬೆಂಕಿ ಹತ್ತಬಹುದು. ಕಾರಿನೊಳಗೆ ಹಾಕದೆ ಬಯಲಲ್ಲಿ, ಮರಳು ತುಂಬಿದ ಬಕೆಟ್ಟಿನಲ್ಲಿ ಇಟ್ಟು ಕಾದೆ; ಮತ್ತೆ ಚಾರ್ಜ್ ಮಾಡಲಿಲ್ಲ, ಇ-ತ್ಯಾಜ್ಯಕ್ಕೆ ಕೊಟ್ಟೆ. ರೆಕ್ಕೆ, ಬಾಲಗಳ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರುಗಳಾದ ಸರ್ವೊಗಳ ತೋಳನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದೆ. ಒಳಗಿನ ಗಿಯರಿನ ಹಲ್ಲು ಉದುರಿದ್ದರೆ ಒಂದು ಕಡೆ ‘ಕಟಕ್’ ಎಂದು ಜಾರುತ್ತದೆ. ಬಲ ರೆಕ್ಕೆಯದು ಜಾರಿತು. ಮೋಟರ್ ತಿರುಗಿಸಿ ಶಾಫ್ಟ್ ಸೊಟ್ಟಗಾಗಿಲ್ಲವೆಂದು ಖಚಿತ ಮಾಡಿಕೊಂಡೆ. ಪ್ರೊಪೆಲ್ಲರಿನಲ್ಲಿ ಕೂದಲೆಳೆಯ ಸೀಳು ಕಂಡಿತು, ಅಲ್ಲೇ ಮುರಿದು ಎಸೆದೆ. ಎಸೆಯಬಾರದೆಂಬ ನಮ್ಮ ನಿಯಮ ಅದೊಂದಕ್ಕಿಲ್ಲ. ಹತ್ತು ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 380 ಕಿ.ಮೀ. ಹತ್ತಿರ. ಅಂಟಿಸಿದ ತುಂಡು ಆ ವೇಗದಲ್ಲಿ ಕಳಚಿ ಯಾರ ಕಣ್ಣಿಗೆ ಹೋಗುತ್ತದೋ ಯಾರು ಬಲ್ಲರು?

ಕೊನೆಗೆ ಉಳಿದದ್ದು ರೆಕ್ಕೆಯ ಹೊದಿಕೆ. ಇಸ್ತ್ರಿಪೆಟ್ಟಿಗೆಯ ಕಾವಿಗೆ ಅಂಟಿ, ಬಿಗಿದುಕೊಳ್ಳುವ ತೆಳು ಹಾಳೆ ಅದು. ಹರಿದ ಜಾಗ ಅರ್ಧ ರೆಕ್ಕೆಯಷ್ಟಿತ್ತು. ಕೆಂಪು ಹಾಳೆ ಮುಗಿದಿತ್ತು, ಅಂಗಡಿಯಲ್ಲೂ ಸಿಗಲಿಲ್ಲ. ಮನೆಯಲ್ಲಿದ್ದದ್ದು ಹಳದಿ. ಮೇಲ್ಭಾಗಕ್ಕೆ ಹಳೆಯ ಕೆಂಪು ತುಣುಕುಗಳನ್ನೇ ಕೂಡಿಸಿದೆ. ಕೆಳಭಾಗಕ್ಕೆ, ಮೂರನೇ ರಿಬ್ಬಿನಿಂದ ತುದಿಯವರೆಗೆ, ಹಳದಿ ಹಾಕಿದೆ. ಚೆನ್ನಾಗಿ ಕಾಣುವುದಿಲ್ಲವೆಂದು ಹೆಂಡತಿ ಹೇಳಿದಳು. ನನಗೂ ಹಾಗೇ ಅನಿಸಿತ್ತು.

ಯುಗಾದಿ ಕಳೆದ ಭಾನುವಾರ ಮತ್ತೆ ಅದೇ ಕೆರೆಯಂಗಳ. ದುರಸ್ತಿಯಾದ ವಿಮಾನದ ಮೊದಲ ಹಾರಾಟಕ್ಕೆ ಮುಂಚೆ ಒಂದು ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ, ಏಲೆರಾನ್, ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ವರ್ಷಗಳ ಹಿಂದೆ ಹೀಗೇ ಒಂದು ದುರಸ್ತಿ ಮುಗಿಸಿ, ಹೊಸ ಸರ್ವೊ ತಿರುಗುಮುರುಗಾಗಿ ಕೆಲಸ ಮಾಡುವುದನ್ನು ನೋಡದೆ ಕೈಯಿಂದ ಬಿಟ್ಟಿದ್ದೆ. ಮೂರು ವಾರದ ಕೆಲಸ ಮೂರು ಸೆಕೆಂಡಿನಲ್ಲಿ ಹೋಗಿತ್ತು. ಆ ಬೆಳಿಗ್ಗೆ ಎರಡೆರಡು ಸಲ ನೋಡಿದೆ. ಗೆಳೆಯನಿಗೆ ವಿಮಾನ ಹಿಡಿದು ನಿಲ್ಲಲು ಹೇಳಿ, ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸಿ, ಮೂವತ್ತು ಹೆಜ್ಜೆ ನಡೆದು ರೇಡಿಯೊ ಹಿಡಿತ ಪರೀಕ್ಷಿಸಿದೆ. ಹಿರಿಯರು ಕುರ್ಚಿಯಿಂದ ಎದ್ದು ಬಂದು ರೆಕ್ಕೆಯ ಓರೆ ಬೆಸುಗೆಯಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ರೆಕ್ಕೆಯ ತುದಿ ಹಿಡಿದು ಬಾಗಿಸಿ ನೋಡಿದರು.

“ಬಳುಕ್ತಾ ಇದೆ. ಬಿಡು,” ಎಂದರು.

ಹತ್ತು ಮಾರು ಓಡಿ ನೆಲ ಬಿಟ್ಟಿತು. ದೂರದ ನೀಲಗಿರಿ ತೋಪಿನವರೆಗೆ ಹೋಗಿ, ಅಗಲವಾಗಿ ತಿರುಗಿ, ನನ್ನ ಕಡೆ ಬರತೊಡಗಿತು. ಬಿಸಿಲು ಬೆನ್ನ ಹಿಂದಿತ್ತು. ಇಷ್ಟು ದಿನ ಎರಡೂ ರೆಕ್ಕೆಗಳು ಒಂದೇ ಕೆಂಪಾಗಿ ಕಾಣುತ್ತಿದ್ದವು. ಈಗ ನನ್ನ ಎಡಕ್ಕೆ, ವಿಮಾನದ ಬಲ ರೆಕ್ಕೆಯಡಿ, ಆ ಹಳದಿ ತೇಪೆ ದೂರದಿಂದಲೇ ಕಣ್ಣಿಗೆ ಹೊಡೆಯಿತು. ಹಳದಿ ಬದಿ ಕೊಂಚ ತಗ್ಗಿತು. ಯೋಚಿಸದೆಯೇ ಹೆಬ್ಬೆರಳು ಹಳದಿಯ ಕಡೆಗೆ ಹೋಯಿತು. ರೆಕ್ಕೆ ಎದ್ದು ಮಟ್ಟಸವಾಯಿತು. ಹಿರಿಯರ ತಲೆಯ ಮೇಲಿಂದ ಹಾದು, ಎರಡನೇ ಸುತ್ತಿಗೆ ಹೋಯಿತು.